ಹತ್ತನೆಯ ಮಾದರಿ

ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದವಳಿಗೆ ಬೈತಲೆ ಎಂದಿನ ಜಾಗಕ್ಕೆ ಬರುತ್ತಿಲ್ಲ ಅನ್ನಿಸಿತು. ಮೂರು ಸಲ ತೆಗೆದಳು. ಮೂರು ಸಲವೂ ಅದು ಎಡಕ್ಕೇ ವಾಲಿತು. ಹನ್ನೊಂದಕ್ಕೆ ವಿಚಾರಣೆ. ಮಿಲ್ಲಿನವರು ವಕೀಲನನ್ನು ಕರೆತರುತ್ತಾರೆ, ಅವರ ಮೇಲೆ ದೂರು ಕೊಟ್ಟ ಕೋಳಿ ಶೆಡ್ಡಿನ ಕೋಳಿಯಮ್ಮ ಒಬ್ಬಳೇ ಬರುತ್ತಾಳೆ, ಅವರಿಬ್ಬರ ನಡುವಿನ ಕುರ್ಚಿಯಲ್ಲಿ ತಾನು ಕೂತು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಪುರಸಭೆಯ ಪಶುಕ್ಷೇಮ ವಿಭಾಗದಲ್ಲಿ ಹದಿನೇಳು ವರ್ಷದಿಂದ ಅವಳು ಮಾಡುತ್ತ ಬಂದದ್ದೂ ಅದನ್ನೇ. ದನದ ಕೊಟ್ಟಿಗೆ, ಕೋಳಿ ಶೆಡ್ಡು, ಪಶು ಆಹಾರದ ಮಿಲ್ಲು ಸುತ್ತುವುದು, ಕಂಡದ್ದನ್ನು ಕಂಡ ಹಾಗೆ ಬರೆಯುವುದು, ಕೆಳಗೆ ಸಹಿ ಹಾಕಿ ಮೊಹರು ಒತ್ತುವುದು. ಹಿಂದಿನಿಂದ ಎಲ್ಲರೂ ಅವಳನ್ನು ಮೊಹರಮ್ಮ ಅನ್ನುತ್ತಾರೆಂದು ಅವಳಿಗೆ ಗೊತ್ತು. ಅದರಲ್ಲಿ ಕುಹಕವಿದ್ದರೂ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಹನ್ನೆರಡು ದಿನದ ಹಿಂದಿನವರೆಗೆ. ಹೊರಗಿನ ಕೋಣೆಯಲ್ಲಿ ಗಂಡ ಪೇಪರಿನ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಇನ್ನು ಚಹಾ ಕೇಳುತ್ತಾನೆ ಅಂದುಕೊಂಡಳು.

"ಚಹಾ ಆಯ್ತೇನೇ?"

ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತನ್ನ ಕೈಗಳನ್ನು ನೋಡಿಕೊಂಡಳು. ಚರ್ಮ ನಯವಾಗಿತ್ತು. ಹಿಂದೆ ಹೀಗಿರಲಿಲ್ಲ. ಒಂದು ಶೆಡ್ಡಿನ ರೋಗ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬಾರದೆಂದು, ತಪಾಸಣೆಗೆ ಹೋಗುವ ಹಿಂದಿನ ದಿನವೇ ರಬ್ಬರ್ ಬೂಟುಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿ, ತಿಕ್ಕಿ, ಪೂರ್ತಿ ಒಣಗಿಸಬೇಕೆಂಬುದು ನಿಯಮ. ಆಫೀಸು ಕೊಟ್ಟಿದ್ದು ಒಂದೇ ಜೊತೆ. ಇನ್ನೊಂದು ಜೊತೆ ಬೇಕೆಂದು ಅವಳು ಹಾಕಿದ ಅರ್ಜಿ ಯಾವ ಕಡತದ ಅಡಿಯಲ್ಲಿ ಮಲಗಿದೆಯೋ. ಆಫೀಸಿನಲ್ಲಿ ತೊಳೆಯುವ ಜಾಗವೂ ಇಲ್ಲ, ಹಾಗಾಗಿ ಬೂಟು ಅವಳ ಜೊತೆ ಮನೆಗೆ ಬರುತ್ತಿತ್ತು. ವಾರಕ್ಕೆರಡು ಸಲ ಆ ನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ಸಂದುಗಳು ಬಿರಿದು, ಉಪ್ಪು ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಿಕ್ಕುತ್ತಿದ್ದವಳ ಕೈಯಿಂದ ಗಂಡ ಬೂಟನ್ನು ಕಿತ್ತುಕೊಂಡ. "ಇಲ್ಲಿ ಕೊಡೇ. ಕೈ ನೋಡ್ಕೊಂಡಿದ್ದೀಯಾ? ಮೊಸಳೆ ಚರ್ಮ ಆಗಿದೆ." ಡೈರಿ ಮುಚ್ಚಿ ಕೆಲಸ ಹೋದ ಮೇಲೆ, ಕುಡಿದ ಲೋಟವನ್ನೂ ಕೂತಲ್ಲಿಂದ ಎತ್ತಿಡದ ಮನುಷ್ಯ. ಅವತ್ತು ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಬೂಟಿನ ಅಡಿಯ ಒಂದೊಂದು ಗೆರೆಯನ್ನೂ ಕೆರೆದು ಕೆರೆದು ತೊಳೆದಿದ್ದ. ಬಾಗಿಲಿಗೊರಗಿ ನಿಂತು ಅವಳು ಅವನ ಬಾಗಿದ ಬೆನ್ನನ್ನೇ ನೋಡುತ್ತಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಸಿಕ್ಕ ಅಷ್ಟೊಂದು ಅಕ್ಕರೆಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಮಾರನೆಯ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿಕೊಂಡೇ ಬಿಟ್ಟಳು. "ನಮ್ಮನೆಯವರು ನನ್ನ ಬೂಟು ತೊಳೀತಾರೆ ಕಣ್ರೇ." ಟೈಪಿಸ್ಟ್ ಹುಡುಗಿ, "ಅಯ್ಯೋ ಮೇಡಂ, ಅವರ ಅಡ್ರೆಸ್ ಕೊಡಿ, ನಮ್ಮೋರನ್ನ ಟ್ರೈನಿಂಗಿಗೆ ಕಳಿಸ್ತೀನಿ" ಅಂದಾಗ ಎಲ್ಲರೂ ನಕ್ಕಿದ್ದರು. ಕಾಲ ಕಳೆದಂತೆ ಆ ಮಾತು ಬಂದಾಗ ನಗು ಬೇರೆಯಾಯಿತು. ವಿಚಾರಣೆಗಳಲ್ಲಿ ಬರೆದುಕೊಳ್ಳುವ ಗುಮಾಸ್ತೆ ತಟ್ಟೆಯತ್ತ ಮುಖ ಮಾಡುತ್ತಿದ್ದಳು, ಟೈಪಿಸ್ಟ್ ನೀರು ತರಲು ಏಳುತ್ತಿದ್ದಳು. ಹೊಟ್ಟೆಕಿಚ್ಚು ಅಂದುಕೊಂಡಿದ್ದಳು ಇವಳು. ಪಾಪ, ಅವರವರ ಗಂಡಂದಿರು ಅವರವರ ಹಾಗೆ.

ತೊಳೆದ ಬೂಟುಗಳನ್ನು ಅವನು ಒಣಗಲು ಇಡುತ್ತಿದ್ದದ್ದು ಮನೆಯ ಮುಂದಿನ ಮೋಟು ಗೋಡೆಯ ಮೇಲೆ. ಬೀದಿಗೆ ಮುಖ ಮಾಡಿದ ಗೋಡೆ. ಪಕ್ಕಪಕ್ಕ ತಲೆಕೆಳಗು ಮಾಡಿ, ಗಾಳಿಗೆ ಬೀಳದಂತೆ ಒಂದೊಂದು ಇಟ್ಟಿಗೆ ಆನಿಸಿ. ಆ ಬೀದಿಯ ಕೊನೆಯಲ್ಲಿ ಮಿಲ್ಲು. ಮಿಲ್ಲಿನ ಮ್ಯಾನೇಜರ್ ಸಂಜೆ ಮನೆಗೆ ಹೋಗುವ ದಾರಿಯೂ ಅದೇ. ವಾರದಲ್ಲಿ ಮೂರ್ನಾಲ್ಕು ದಿನ ಅವನು ಇವರ ಜಗಲಿಯಲ್ಲೇ ಕೂತು ಗಂಡನ ಜೊತೆ ಚದುರಂಗ ಆಡುತ್ತಿದ್ದ. ಇದೆಲ್ಲ ಅವಳ ಕಣ್ಣೆದುರಿಗೇ ಇತ್ತು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಹನ್ನೆರಡು ದಿನದ ಹಿಂದೆ ಗಂಡ ಊರಲ್ಲಿರಲಿಲ್ಲ. ಅವನ ಅಕ್ಕನಿಗೆ ಕಣ್ಣಿನ ಆಪರೇಷನ್ ಎಂದು ಹೋಗಿದ್ದ. ಬೂಟನ್ನು ಅವಳೇ ತೊಳೆದು, ಬಟ್ಟೆ ಒಣಗಿಸುವ ಹಿತ್ತಲಿಗೆ ಕೊಂಡೊಯ್ದು ಹಗ್ಗದ ಗೂಟಗಳಿಗೆ ಒಂದೊಂದನ್ನು ಸಿಕ್ಕಿಸಿದ್ದಳು. ಬೆಳಿಗ್ಗೆ ಎಂಟಕ್ಕೆ ಮಿಲ್ಲಿನ ಗೇಟು ದಾಟಿದಾಗ ಮೊದಲು ಬಡಿದದ್ದು ವಾಸನೆ. ಒದ್ದೆ ಗೋಣಿಯ, ಹಳೆಯ ಬಚ್ಚಲಿನ, ಏನೋ ಸತ್ತು ಒಣಗಿದ್ದರ ವಾಸನೆ. ಗೋಡೌನಿನ ನಡುವೆ ಮೆಕ್ಕೆಜೋಳದ ರಾಶಿ ಬೂಷ್ಟು ಹಿಡಿದು ಬೂದು ಹಸಿರಾಗಿ ಬಿದ್ದಿತ್ತು. ನಾಲ್ಕು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅದಕ್ಕೆ ಒಳ್ಳೆಯ ಜೋಳ ಸುರಿದು ಸಲಿಕೆಯಲ್ಲಿ ಮಗುಚುತ್ತಿದ್ದರು. ಅವಳನ್ನು ಕಂಡು ಸಲಿಕೆಗಳು ನಿಂತವು. ಫೋರ್‌ಮನ್ ಒಳಗಿನಿಂದ ಹೆಚ್ಚುಕಡಿಮೆ ಓಡಿ ಬಂದ. ಗಾಬರಿಯಲ್ಲಿ ಅವನ ಬಾಯಿಂದ ಬಂದ ಮಾತು ನಮಸ್ಕಾರವಲ್ಲ. "ಇದೇನ್ ಮೇಡಂ, ಇವತ್ತು ಬಂದ್ಬಿಟ್ರಿ? ನಿನ್ನೆ ಗೋಡೆ ಮೇಲೆ ಬೂಟು ಇರ್ಲಿಲ್ವಲ್ಲ?"

ಆಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಕೆಲಸದವರಲ್ಲೊಬ್ಬ ಬಟ್ಟೆಯೊಳಗೇ ಕಿಸಕ್ಕೆಂದ. ಅವಳು ತಲೆ ತಗ್ಗಿಸಿ ತನ್ನ ಕಾಲುಗಳನ್ನು ನೋಡಿದಳು. ಕಪ್ಪು ಬೂಟು, ಮೊಣಕಾಲಿನ ತನಕ. ತಿಳಿಯುವುದಕ್ಕೆ ಎಷ್ಟು ಹೊತ್ತು ಬೇಕಾಯಿತೋ. ಅಷ್ಟರಲ್ಲಿ ಕೈಗಳು ತಮ್ಮ ಪಾಡಿಗೆ ಕೆಲಸ ಶುರು ಮಾಡಿದ್ದವು. ಚೀಲದಿಂದ ಚೀಲಕ್ಕೆ ಕೊಳವೆ ಚುಚ್ಚಿ, ಮೇಲಿನದು, ನಡುವಿನದು, ತಳದ್ದು ಎಂದು ಹತ್ತು ಚೀಲದಿಂದ ತೆಗೆದು ಬಟ್ಟೆಯ ಮೇಲೆ ಸುರಿದವು. ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ತೆಗೆದು, ಉಳಿದದ್ದನ್ನು ಮತ್ತೆ ಬೆರೆಸಿದವು. ಮೂರು ಪೊಟ್ಟಣ. ಒಂದು ಪ್ರಯೋಗಾಲಯಕ್ಕೆ, ಒಂದು ಆಫೀಸಿನ ಬೀರುವಿಗೆ, ಒಂದು ಮಿಲ್ಲಿನವರ ಕೈಗೆ. ಅರಗು ಕರಗಿಸಿ ಮೊಹರು ಒತ್ತುವಾಗ ಮಾತ್ರ ಕಣ್ಣು ಮತ್ತೆ ಬೂಟಿನ ಕಡೆ ಹೋಗಿ, ಒಂದು ಹನಿ ಹೆಬ್ಬೆರಳಿನ ಮೇಲೆ ಬಿತ್ತು. ಸುಟ್ಟಿತು. ಅವಳು ಊದಿಕೊಳ್ಳಲಿಲ್ಲ.

ಆ ಮಿಲ್ಲಿನಿಂದ ಮೂರು ವರ್ಷದಲ್ಲಿ ಅವಳು ತೆಗೆದ ಹತ್ತನೆಯ ಮಾದರಿ ಅದು. ಹಿಂದಿನ ಒಂಬತ್ತೂ ನಿರ್ದೋಷ. ಅದಕ್ಕೂ ಮೊದಲು ಎರಡು ಸಲ ಅದೇ ಮಿಲ್ಲು ಸಿಕ್ಕಿಬಿದ್ದಿತ್ತು, ಎರಡು ಸಲವೂ ಅವಳೇ ಹಿಡಿದಿದ್ದಳು. ಆಮೇಲೆ ಸಾಲಾಗಿ ಶುದ್ಧ ವರದಿಗಳು ಬರತೊಡಗಿದಾಗ, ನಾನು ತಿದ್ದಿದ ಮಿಲ್ಲು ಎಂದು ಒಂದು ಸಭೆಯಲ್ಲಿ ಹೇಳಿಯೂ ಇದ್ದಳು. ಮ್ಯಾನೇಜರ್ ಆ ಸಭೆಯಲ್ಲಿದ್ದ, ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದ್ದ. ಈಗ ಹತ್ತನೆಯದರ ವರದಿ ಬಂದಿದೆ. ಬೂಷ್ಟಿನ ವಿಷ ಮಿತಿಯ ನಾಲ್ಕು ಪಟ್ಟು. ಅದೇ ಆಹಾರ ತಿಂದ ಕೋಳಿಯಮ್ಮನ ಶೆಡ್ಡಿನಲ್ಲಿ ಹಕ್ಕಿಗಳು ಮೊಣಕಾಲ ಮೇಲೆ ಕುಸಿದು, ಬಾಯಿ ತೆರೆದು, ಎದುರಿಗಿದ್ದ ನೀರಿಗೂ ಕತ್ತು ಚಾಚಲಾರದೆ ಕೂತಿದ್ದವು. ಮೊಟ್ಟೆ ಎತ್ತಿಕೊಂಡರೆ ಕೈಯಲ್ಲೇ ಮೆತ್ತಗೆ ತಗ್ಗುತ್ತಿತ್ತು. ಸತ್ತ ಒಂದನ್ನು ಕೊಯ್ದು ತೋರಿಸಿದಾಗ ಒಳಗೆ ಪಿತ್ತಜನಕಾಂಗ ಹಳದಿಯಾಗಿ ಬೆಣ್ಣೆಯ ಹಾಗೆ ಕುಸಿಯಿತು. ಅದೇ ಮಿಲ್ಲಿನ ಹಿಂಡಿ ತಿನ್ನುವ ಹಸುಗಳ ಹಾಲು ಊರಿನ ಶಾಲೆಗಳಿಗೆ ಹೋಗುತ್ತದೆ. ಇಷ್ಟಾದರೂ ಇವತ್ತು ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ವಕೀಲ ಎದ್ದು, ಒಂಬತ್ತು ಸಲ ಸರಿಯಿದ್ದದ್ದು ಒಂದು ಸಲ ತಪ್ಪಿದೆ, ಅದೂ ಮಳೆಯಿಂದ, ಸಹಿ ನೋಡಿ, ಈ ಮೇಡಮ್ಮಿನದೇ, ಅನ್ನುತ್ತಾನೆ. ಒಂದು ಎಚ್ಚರಿಕೆಯ ಪತ್ರ ಕೊಟ್ಟು ಮುಗಿಸುತ್ತಾರೆ. ಕೋಳಿಯಮ್ಮನ ದೂರು ಬಿದ್ದುಹೋಗುತ್ತದೆ, ಮಿಲ್ಲು ಸಲಿಕೆ ಎತ್ತಿಕೊಳ್ಳುತ್ತದೆ. ಲೈಸೆನ್ಸ್ ರದ್ದಾಗಬೇಕಾದರೆ ಆ ಒಂಬತ್ತು ಸುಳ್ಳಾಗಬೇಕು. ಅವು ಸುಳ್ಳೆಂದು ಹೇಳಬಲ್ಲವಳು ಅವಳೊಬ್ಬಳೇ. ಹೇಗೆ ಸುಳ್ಳೆಂದು ಕೇಳಿದರೆ ಕೊಡಬೇಕಾದ ಹೆಸರೂ ಒಂದೇ.

ಚಹಾದ ಲೋಟ ಗಂಡನ ಮುಂದಿಟ್ಟು ಎದುರಿಗೆ ಕೂತಳು. ಅವನು ಪೇಪರ್ ಮಡಿಸಿದ. ಒಪ್ಪವಾಗಿ ಕ್ಷೌರ ಮಾಡಿಕೊಂಡಿದ್ದ. ಕಿವಿಯ ಕೆಳಗೆ ಸ್ವಲ್ಪ ಸಾಬೂನು ಉಳಿದಿತ್ತು. ಬೇರೆ ದಿನವಾಗಿದ್ದರೆ ಕೈ ಚಾಚಿ ಒರೆಸುತ್ತಿದ್ದಳು.

"ಇವತ್ತು ಏನು ಹೇಳ್ತೀಯ?" ಅಂದ.

"ಕೇಳಿದ್ದಕ್ಕೆ ಹೇಳ್ತೀನಿ."

"ಒಂದು ಚೀಲದ್ದನ್ನ ಊರಗಲ ಮಾಡ್ಬೇಡ. ಹಿಂದಿನ ಕಿಟಕಿ ಪಕ್ಕ ಇದ್ದಿದ್ದು, ಇರಚಲು ಹೊಡೆದಿದೆ, ಅಷ್ಟೇ."

ಕಿಟಕಿಯ ಮಾತನ್ನು ಅವಳು ಮನೆಯಲ್ಲಿ ಆಡಿರಲಿಲ್ಲ. ವರದಿಯಲ್ಲೂ ಬರೆದಿರಲಿಲ್ಲ, ಯಾಕೆಂದರೆ ಆ ಗೋಡೌನಿಗೆ ಹಿಂದೆ ಕಿಟಕಿಯೇ ಇಲ್ಲ. ಯಾರೋ ಕಟ್ಟಿದ ಕತೆಯನ್ನು ಇವನು ನಂಬಿಕೊಂಡು ತಂದಿದ್ದಾನೆ. ಈ ಹನ್ನೆರಡು ದಿನ ಅವಳು ಕಾದದ್ದು ಯಾತಕ್ಕೆ? ಅವನು ಊರಿಂದ ಬಂದ ದಿನ ಕೇಳಿಯೇ ಕೇಳಿದ್ದಳು, ಬೂಟನ್ನು ಮುಂದಿನ ಗೋಡೆ ಮೇಲೆ ಯಾಕಿಡುತ್ತೀರಿ ಎಂದು. "ಮತ್ತೆ ತಲೆ ಮೇಲೆ ಇಟ್ಕೊಳ್ಲಾ? ಹಿತ್ತಲಲ್ಲಿ ಬಿಸಿಲೆಲ್ಲಿದೆ?" ಅಂದಿದ್ದ. ಮಾರನೆಯ ದಿನ ಅರ್ಧ ರಜೆ ಹಾಕಿ ಬಂದು, ಯಾರೋ ಪರಸ್ಥಳದವಳ ಹಾಗೆ ತನ್ನದೇ ಹಿತ್ತಲಲ್ಲಿ ನಿಂತಿದ್ದಳು, ಅಂಗೈ ಮುಂದೆ ಚಾಚಿಕೊಂಡು. ಮೂರು ಗಂಟೆ. ನಾಲ್ಕು. ಅಂಗೈ ಮೇಲೆ ಬಿಸಿಲು ಚುರುಗುಟ್ಟುತ್ತಲೇ ಇತ್ತು. ನೆರಳು ಬಂದು ಅದನ್ನು ಮುಚ್ಚಲಿ, ಬೇಗ ಮುಚ್ಚಲಿ ಎಂದು ಅವಳು ಬೇಡಿಕೊಂಡಳು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ, "ಏನ್ರೀ, ಕೈ ಒಣಗಿಸ್ತಿದ್ದೀರಾ?" ಎಂದು ನಕ್ಕಳು. ಬಿಸಿಲು ಹೋದದ್ದು ಐದೂವರೆಗೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯ ಪ್ರತಿಯೊಂದು ಬಟ್ಟೆ ಒಣಗಿದ್ದು ಅಲ್ಲೇ.

"ರೀ," ಅಂದಳು, "ಹಿತ್ತಲಲ್ಲಿ ಐದೂವರೆ ತನಕ ಬಿಸಿಲಿರುತ್ತೆ."

ಅವನು ಲೋಟ ಕೆಳಗಿಟ್ಟ. ಅವಳ ಮುಖ ನೋಡಿದ, ಆಮೇಲೆ ಕಿಟಕಿಯಾಚೆ ಗೋಡೆ ನೋಡಿದ. ಸುಳ್ಳು ಹೇಳುತ್ತಾನೇನೋ, ಹೇಳಲಿ, ಒಳ್ಳೆಯದೊಂದು ಸುಳ್ಳು ಹೇಳಲಿ ಎಂದು ಅವಳ ಮನಸ್ಸು ಹಾತೊರೆಯಿತು.

"ನಾನು ಬಾಯಿ ಬಿಟ್ಟು ಯಾರಿಗೂ ಒಂದು ಮಾತು ಹೇಳಿಲ್ಲ," ಅಂದ. "ಬೂಟು ಒಣಗಿಸ್ದೆ. ನೋಡೋರು ನೋಡ್ಕೊಂಡ್ರು."

"ಗೋಡೆ ಮೇಲಿಡಿ ಅಂತ ಮ್ಯಾನೇಜರ್ ಹೇಳಿದ್ದಾ?"

"ಹೇಳೋದೇನು ಬಂತು? ಒಂದಿನ ಆಟ ಆಡ್ತಾ ತಮಾಷೆಗೆ ಅಂದ. ಗುರುಗಳೇ, ನಿಮ್ಮನೆ ಗೋಡೆ ನಮಗೆ ಕ್ಯಾಲೆಂಡರ್ ಆಗಿಬಿಟ್ಟಿದೆ ಅಂತ. ನಗು ಬಂತು. ಆಮೇಲೆ ಒಳಗಿಟ್ರೆ ಚೆನ್ನಾಗಿರಲ್ಲ ಅನ್ನಿಸ್ತು. ಮುಖಕ್ಕೆ ಹೊಡೆದಂಗಾಗುತ್ತೆ."

"ಏನು ಕೊಟ್ಟ?"

"ಏನೂ ಕೊಟ್ಟಿಲ್ಲ!" ಅವನ ಮುಖ ಕೆಂಪಾಯಿತು. "ನನ್ನ ಅಷ್ಟು ಅಗ್ಗ ಅಂದ್ಕೊಂಡ್ಯಾ ನೀನು? ಒಂದು ಕಪ್ ಚಹಾನೂ ಅವನದ್ದಲ್ಲ, ನಮ್ಮನೇದೇ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಏನಾದರೂ ತೆಗೆದುಕೊಂಡಿದ್ದರೆ ಎಷ್ಟು ಸುಲಭವಿತ್ತು. ಡೈರಿಯ ತೂಕದ ಕಟ್ಟೆಯಲ್ಲಿ ಇಪ್ಪತ್ತು ವರ್ಷ ನಿಂತವನು. ಹಾಲಿನ ಕ್ಯಾನು ಹೊತ್ತು ತಂದವರೆಲ್ಲ ಅವನ ಮುಖ ನೋಡಿ ಮಾತಾಡುತ್ತಿದ್ದರು. ಡೈರಿ ಮುಚ್ಚಿದ ಮೇಲೆ ಅವನನ್ನು ಗುರುಗಳೇ ಎಂದು ಕರೆದವನು ಮ್ಯಾನೇಜರ್ ಒಬ್ಬನೇ. ಬೇಕೆಂದೇ ಆನೆ ಬಿಟ್ಟುಕೊಟ್ಟು ಸೋಲುತ್ತಿದ್ದವನೂ ಅವನೇ. ಆಟ ಬಾರದ ಅವಳಿಗೂ ಅದು ತಿಳಿಯುತ್ತಿತ್ತು. ಆದರೆ ಆ ಅಕ್ಕರೆ? ಆ ಹಲ್ಲುಜ್ಜುವ ಬ್ರಶ್ಶು? ಮೊದಲ ದಿನ ಅವನು ತೊಳೆದದ್ದು ನಿಜವಾಗಿ ತನ್ನ ಕೈಗಾಗಿಯೇ ಇರಬೇಕು, ಎಂದುಕೊಂಡಳು. ಎಷ್ಟನೆಯ ದಿನದಿಂದ ಅದು ತನ್ನ ಕೈಗಾಗಿ ಅಲ್ಲವಾಯಿತು? ಎರಡನೆಯದು? ಇಪ್ಪತ್ತನೆಯದು? ಆ ದಿನ ತಾನು ಏನು ಮಾಡುತ್ತಿದ್ದೆ? ಅವನ ಹಿಂದೆ ನಿಂತು ಬೆನ್ನು ನೋಡುತ್ತಿದ್ದೆನೇ?

"ಒಂದು ಹೇಳು ನೀನು," ಅವನು ಮೇಜಿನ ಮೇಲೆ ಬಾಗಿದ. ಮೇಷ್ಟರ ಹಾಗೆ ಬೆರಳು ಮಡಿಸುತ್ತಾ ಮಾತಾಡುವ ಅಭ್ಯಾಸ ಅವನದು. "ನೀನು ಹೋಗ್ತೀಯ ಅಂತ ಗೊತ್ತಾದ್ರೆ ಅವರು ಗುಡಿಸಿ ಸಾರಿಸ್ಕೋತಾರೆ. ಕೊಳೆತಿದ್ದನ್ನ ಆಚೆ ಹಾಕ್ತಾರೆ. ಅವರು ಗುಡಿಸ್ಲಿ ಅಂತ ತಾನೇ ನೀನು ಹೋಗೋದು? ಹಾಗಾದ್ರೆ ನಾನು ಮಾಡಿದ್ದು ನಿನ್ನ ಕೆಲಸಾನೇ ಅಲ್ವಾ? ನೀನು ಹೋಗೋಕೆ ಮುಂಚೆನೇ ಅರ್ಧ ಮುಗಿಸಿಕೊಟ್ಟೆ."

"ನಾನು ತಪಾಸಣೆ ಮುಗಿಸಿ ಹೋದ ಮೇಲೆ ಅದನ್ನ ವಾಪಸ್ಸು ತಂದು ಕೋಳಿಗೆ ಹಾಕ್ತಿದ್ರು."

"ಅದು ನನಗೇನು ಗೊತ್ತು?" ಅಂದ. ಆಮೇಲೆ ಮೆತ್ತಗೆ, "ಕೋಳಿ ತಾನೇ," ಅಂದ. ಇನ್ನೂ ಮೆತ್ತಗೆ, "ಹೋಗಲಿ ಬಿಡು. ಇನ್ಮೇಲೆ ಹಿತ್ತಲಲ್ಲೇ ಹಾಕ್ತೀನಿ. ಹೊತ್ತಾಯ್ತು, ಹೊರಡು. ನೀನು ಅಲ್ಲಿ ಏನೂ ಹೇಳಲ್ಲ ಬಿಡು, ನಿನ್ನ ನಾನು ಕಾಣೆನಾ?" ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು, ಲೋಟ ಎತ್ತಿಕೊಂಡು ಹೋಗಿ ಬಚ್ಚಲಿಗೆ ಇಟ್ಟುಬಂದ. ಅದನ್ನು ನೋಡಿ ಅವಳಿಗೆ ಮೈ ಜುಮ್ಮೆಂದಿತು. ಅವನು ಯಾವತ್ತೂ ಲೋಟ ಎತ್ತಿಟ್ಟವನಲ್ಲ.

ಬೀದಿಗಿಳಿದ ಮೇಲೆ ಹಿಂತಿರುಗಿ ನೋಡಬಾರದು ಎಂದುಕೊಂಡವಳು ಮೂಲೆಯಲ್ಲಿ ನಿಂತು ನೋಡಿಯೇ ಬಿಟ್ಟಳು. ಆ ಮೋಟು ಗೋಡೆ ಹೊಲಿಗೆಯಂಗಡಿಯಿಂದ ಕಾಣುತ್ತದೆ. ಹಾಲಿನ ಬೂತಿನಿಂದ ಕಾಣುತ್ತದೆ. ಕೆಂಪು ಗೇಟಿನ ಕೊಟ್ಟಿಗೆಯವರ ಮಾಳಿಗೆಯಿಂದ ಎಷ್ಟು ಚೆನ್ನಾಗಿ ಕಾಣುತ್ತಿರಬೇಕು. ಬೂಟು ಇಟ್ಟ ದಿನ ನಾಳೆ ಯಾರ ಮನೆಗೆ ಎಂದು ತಿಳಿಯದಿದ್ದರೂ, ಎಲ್ಲರೂ ಗುಡಿಸಿಕೊಂಡಿರುತ್ತಾರೆ, ಒಂದು ದಿನದ ಮಟ್ಟಿಗೆ ಕಟ್ಟಿದ ಹಸುವಿನ ಹಗ್ಗ ಉದ್ದ ಮಾಡಿರುತ್ತಾರೆ, ಪಂಜರದಿಂದ ಹೆಚ್ಚಿನ ಕೋಳಿಯನ್ನು ಆಚೆ ತೆಗೆದಿರುತ್ತಾರೆ. ಈ ಮೂರು ವರ್ಷದಲ್ಲಿ ತಾನು ನೋಟಿಸ್ ಕೊಟ್ಟವರನ್ನು ನೆನೆಯುತ್ತಾ ನಡೆದಳು. ಒಬ್ಬೊಬ್ಬರ ಶೆಡ್ಡೂ, ಅಲ್ಲಿಗೆ ಹೋಗುವ ದಾರಿಯೂ ಕಣ್ಣಿಗೆ ಬಂತು. ಅಷ್ಟೂ ಜನ ರೈಲು ಹಳಿಯಾಚೆಯವರು. ಆ ಕಡೆಯವರಿಗೆ ಶಿಸ್ತು ಕಡಿಮೆ, ಎಷ್ಟು ಹೇಳಿದರೂ ಅಷ್ಟೇ, ಎಂದು ವಾರ್ಷಿಕ ವರದಿಯಲ್ಲಿ ತನ್ನ ಕೈಯಾರೆ ಬರೆದಿದ್ದಳು. ಕೋಳಿಯಮ್ಮನಿಗೆ ನಾಲ್ಕು ನೋಟಿಸ್. ನಾಲ್ಕು ಹಕ್ಕಿ ಇರಬೇಕಾದ ಪಂಜರದಲ್ಲಿ ಐದು ಇದ್ದದ್ದಕ್ಕೆ. ಕೊನೆಯ ಸಲ ಕೊಡುವಾಗ, ಬೇರೆಯವರನ್ನು ನೋಡಿ ಕಲೀರಿ, ಎಂದು ಬುದ್ಧಿಯನ್ನೂ ಹೇಳಿದ್ದಳು. ನಡೆಯುತ್ತಿದ್ದವಳಿಗೆ ಮುಖಕ್ಕೆ ಬೆಂಕಿ ಹತ್ತಿದಂತಾಗಿ, ಯಾರದೋ ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಬೈತಲೆ ಸೊಟ್ಟಗೇ ಇತ್ತು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಒಂದೇ ಕಡೆಗೆ ಗಾಳಿ ಕೊಡುತ್ತಿತ್ತು. ಮೇಜಿನ ತುದಿಯಲ್ಲಿ ಅಧ್ಯಕ್ಷರು, ನಿವೃತ್ತ ಪಶುವೈದ್ಯರು; ಅವರ ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತೆ; ಎಡಕ್ಕೆ ಮ್ಯಾನೇಜರ್ ಮತ್ತು ವಕೀಲ; ಬಲಕ್ಕೆ ಕೋಳಿಯಮ್ಮ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು, ಒಳಗಿರುವುದು ಒಡೆಯುವಂಥದ್ದು ಎಂಬಂತೆ ಎರಡೂ ಕೈಯಲ್ಲಿ ತಬ್ಬಿಕೊಂಡು. ಮ್ಯಾನೇಜರ್ ಇವಳನ್ನು ಕಂಡು ಎದ್ದು ಕೈಮುಗಿದ. "ಮನೇಲಿ ಗುರುಗಳು ಆರಾಮಾ ಮೇಡಂ?" ಅಂದ. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನೆಂಟರ ಮನೆಯಲ್ಲಿ ಕೇಳುವ ಹಾಗೆ ಕೇಳಿದ್ದ. ಅವಳು ತಲೆಯಾಡಿಸಿದಳು. ಹಾಗೆ ತಲೆಯಾಡಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ವಕೀಲ ಅವಳು ಅಂದುಕೊಂಡದ್ದನ್ನೇ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಹೇಳಿದ. ಒಂಬತ್ತು ವರದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಪ್ರತಿಯೊಂದರ ಕೆಳಗೂ ಅವಳ ದುಂಡನೆಯ ಸಹಿ. ಅಧ್ಯಕ್ಷರು ಕನ್ನಡಕ ಮೇಲೇರಿಸಿ ಕೇಳಿದರು.

"ಇವು ನಿಮ್ಮವೇ ತಾನೇ?"

"ಹೌದು ಡಾಕ್ಟರೇ."

"ಒಂಬತ್ತೂ ಸರಿಯಿದ್ದವು ಅಂತ ನೀವೇ ಬರೆದಿದ್ದೀರಿ. ಹಾಗಿರುವಾಗ ಈ ಒಂದನ್ನ ಹಿಡ್ಕೊಂಡು ಮಿಲ್ಲು ಮುಚ್ಚಿಸೋದು ನ್ಯಾಯನಾ? ನಿಮ್ಮ ಅಭಿಪ್ರಾಯ ಏನು?"

ಫ್ಯಾನಿನ ಗಾಳಿಗೆ ಐದನೆಯ ವರದಿಯ ಮೂಲೆ ಏಳುತ್ತಾ ಬೀಳುತ್ತಾ ಇತ್ತು. ಏನೂ ಹೇಳದೆ ಇರುವುದು ಎಷ್ಟು ಸುಲಭ ಎಂದು ಅವಳು ನೋಡುತ್ತಿದ್ದಳು. ಸಂಜೆ ಮನೆಗೆ ಹೋದರೆ ಬೂಟು ಹಿತ್ತಲಲ್ಲಿ ಒಣಗುತ್ತದೆ. ಲೋಟ ಅವನೇ ಎತ್ತಿಡುತ್ತಾನೆ, ಒಂದು ವಾರ, ಎರಡು ವಾರ. ತಾನು ಅವನನ್ನು ಕಾಪಾಡಿದೆ ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ, ಅದೂ ಒಂದು ಬಗೆಯ ದಾಂಪತ್ಯವೇ. ಎಷ್ಟು ಮನೆಗಳು ಅಂಥದರ ಮೇಲೇ ನಿಂತಿಲ್ಲ? ಬಲಗಡೆ ಕೋಳಿಯಮ್ಮ ಕೆಮ್ಮಿದಳು. ಶೆಡ್ಡಿನ ದೂಳಿನ ಕೆಮ್ಮು. ಅವಳ ಬಟ್ಟೆಯಿಂದ ಹಕ್ಕಿಯ ವಾಸನೆ ಬರುತ್ತಿತ್ತು. ಆ ವಾಸನೆಗೆ ಯಾಕೋ ಕುಸಿದ ಮೊಣಕಾಲುಗಳು, ತೆರೆದ ಬಾಯಿಗಳು ಕಣ್ಣಿಗೆ ಬರಲಿಲ್ಲ. ಕೋಳಿ ತಾನೇ ಎಂದ ಗಂಡನ ತುಟಿಗಳು ಬಂದವು.

"ಆ ಒಂಬತ್ತೂ ಪರಿಗಣಿಸೋ ಹಾಗಿಲ್ಲ," ಅಂದಳು. "ನಾನು ಹೋಗ್ತೀನಿ ಅಂತ ಮಿಲ್ಲಿಗೆ ಹಿಂದಿನ ದಿನವೇ ತಿಳೀತಿತ್ತು."

ವಕೀಲ ಎದ್ದು ನಿಂತ. ಅಧ್ಯಕ್ಷರು ಅವನನ್ನು ಕೈಸನ್ನೆಯಲ್ಲಿ ಕೂರಿಸಿದರು. "ಯಾರಿಂದ?"

"ನಮ್ಮ ಮನೆಯಿಂದ."

"ಮನೆಯಿಂದ ಅಂದ್ರೆ ಯಾರಿಂದ? ಬರ್ಕೋಬೇಕಾಗುತ್ತೆ."

"ನನ್ನ ಗಂಡನಿಂದ," ಅಂದಳು. ಹೆಸರನ್ನೂ ಹೇಳಿದಳು. ಮದುವೆಯ ದಿನ ಎಲ್ಲರ ಒತ್ತಾಯಕ್ಕೆ ಒಮ್ಮೆ ಹೇಳಿದ್ದು ಬಿಟ್ಟರೆ ಆ ಹೆಸರನ್ನು ಅವಳು ಜನರ ಮುಂದೆ ಜೋರಾಗಿ ಹೇಳಿದ್ದೇ ಇಲ್ಲ. ಬೂಟು, ಗೋಡೆ, ಬಿಸಿಲು, ಫೋರ್‌ಮನ್ ಆಡಿದ ಮಾತು, ಎಲ್ಲವನ್ನೂ ತಪಾಸಣೆಯ ವರದಿ ಓದುವ ದನಿಯಲ್ಲೇ ಹೇಳಿ ಮುಗಿಸಿದಳು. ಸಿಡಿಲು ಬಡಿದಂತಾಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಯಾರೂ ಬೆಚ್ಚಲಿಲ್ಲ. ಮ್ಯಾನೇಜರ್ ಉಗುರು ನೋಡಿಕೊಳ್ಳುತ್ತಿದ್ದ. ಗುಮಾಸ್ತೆಯ ಪೆನ್ನು ಒಂದು ಕ್ಷಣವೂ ನಿಲ್ಲದೆ, ಯಾವುದೋ ಹಳೆಯ ವಿಳಾಸ ಬರೆದುಕೊಳ್ಳುವ ಹಾಗೆ ಸರಸರನೆ ಹರಿಯುತ್ತಿತ್ತು. ಊಟದ ಹೊತ್ತಿಗೆ ಎದುರಿಗೆ ಕೂತು ತಟ್ಟೆಯತ್ತ ಮುಖ ಮಾಡುತ್ತಿದ್ದ ಅದೇ ಹೆಂಗಸು. ಈ ಗುಮಾಸ್ತೆಗೆ ಗೊತ್ತಿತ್ತು. ಟೈಪಿಸ್ಟಿಗೆ ಗೊತ್ತಿತ್ತು. ಒಂದೊಂದು ಮುಖವನ್ನೂ ನೋಡುತ್ತಾ ಹೋದಳು. ಯಾವ ಮುಖದಲ್ಲೂ ಆಶ್ಚರ್ಯವಿರಲಿಲ್ಲ, ಅಧ್ಯಕ್ಷರ ಮುಖದಲ್ಲಂತೂ ಸ್ವಲ್ಪ ಬೇಸರ ಮಾತ್ರ ಇತ್ತು, ಇದನ್ನೆಲ್ಲ ಹೇಳಲೇಬೇಕಿತ್ತೇ ಎನ್ನುವಂಥದ್ದು.

ಸ್ವಲ್ಪ ಹೊತ್ತಿನ ಮೇಲೆ ಅವರು ಆದೇಶ ಹೇಳಿದರು. ಮಿಲ್ಲಿನ ಲೈಸೆನ್ಸ್ ಇವತ್ತಿನಿಂದಲೇ ಅಮಾನತು, ಗೋಡೌನಿಗೆ ಬೀಗ, ದಾಸ್ತಾನು ಪೂರ್ತಿ ಪರೀಕ್ಷೆಗೆ. "ನಿಮ್ಮ ಬಗ್ಗೆ ಬೇರೆ ವಿಚಾರಣೆ ಆಗ್ಬೇಕಾಗುತ್ತೆ ಮೇಡಂ. ಅಲ್ಲೀವರೆಗೆ ತಪಾಸಣೆಗೆ ಹೋಗೋ ಹಾಗಿಲ್ಲ. ಮೊಹರು ಇಲ್ಲಿಟ್ಟು ಹೋಗಿ." ಅವಳು ಕೈಚೀಲದಿಂದ ಮೊಹರು ತೆಗೆದು ಮೇಜಿನ ಮೇಲಿಟ್ಟಳು. ಹಿತ್ತಾಳೆ ಮೇಜಿಗೆ ತಾಗಿ ಟಣ್ಣೆಂದಿತು. ಗುಮಾಸ್ತೆ ಅದಕ್ಕೂ ಒಂದು ರಸೀದಿ ಬರೆದುಕೊಟ್ಟಳು.

ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಕೋಳಿಯಮ್ಮ ಅವಳಿಗಾಗಿ ಕಾಯುತ್ತಿದ್ದಳು. ಚೀಲವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಇವಳು ಕೂತಳು.

"ಒಳ್ಳೇದಾಯ್ತು ಬಿಡಿ," ಅಂದಳು ಕೋಳಿಯಮ್ಮ. "ನೀವು ಹೇಳ್ತೀರಿ ಅಂತ ನಾನು ಎಣಿಸಿರ್ಲಿಲ್ಲ. ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಈಗ ಯಾಕೆ ಹೇಳಿದ್ರಿ? ಅವರೂ ನೀವೂ ಜಗಳ ಆಡಿದ್ರಾ?"

"ಅವರೂ ಅಂದ್ರೆ?"

"ಮಿಲ್ಲಿನೋರು. ನಿಮಗೂ ಅವರಿಗೂ ಮಾತಾಗಿತ್ತಲ್ಲ. ನೀವು ಬೂಟು ಇಡ್ಸೋದು, ಅವರು ಗುಡಿಸೋದು. ಪೇಟೆಗೆ ಮೊಟ್ಟೆ ತಂದಾಗೆಲ್ಲ ನೋಡ್ತಿದ್ದೆ. ನಾನೂ ಒಂದಿನ ಅಂದ್ಕೊಂಡೆ, ಹಳಿ ದಾಟಿ ಬಂದು ದಿನಾ ಈ ಗೋಡೆ ನೋಡೋಕೆ ನಮ್ಮ ಕೈಲಾಗುತ್ತಾ, ಪುಣ್ಯವಂತರು ಈ ಬೀದಿಯೋರು ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ, ದಾರಿಯ ವಿಷಯ ಮಾತಾಡುವ ಹಾಗೆ ಮಾತಾಡುತ್ತಿದ್ದಳು.

ಹಾಗಾದರೆ ಇಡೀ ಊರು ತನ್ನನ್ನು ಹೀಗೆಯೇ ನೋಡಿದೆ. ತಾನು ತಲೆಯೆತ್ತಿ ನಡೆದ ಬೀದಿಯುದ್ದಕ್ಕೂ ಜನ ನಮಸ್ಕಾರ ಹೇಳಿದ್ದು ಯಾವಳಿಗೆ? ಅವಳಿಗೆ ಏನೋ ಹೇಳಬೇಕೆನಿಸಿತು. ನನಗೆ ಗೊತ್ತಿರಲಿಲ್ಲ ಎನ್ನುವುದು ಬಾಯಿಯಲ್ಲೇ ಸಣ್ಣದಾಗಿ, ಮಕ್ಕಳ ನೆವದ ಹಾಗೆ ಕಂಡಿತು.

"ನನ್ನ ನಾಲ್ಕು ನೋಟಿಸ್ ಈಗ ಹೋಗುತ್ತಾ?" ಕೋಳಿಯಮ್ಮ ಕೇಳಿದಳು.

"ಇಲ್ಲ," ಅಂದಳು, ಯೋಚಿಸದೆಯೇ. "ಅದು ಹಾಗೇ ಇರುತ್ತೆ. ನಿಮ್ಮ ಪಂಜರದಲ್ಲಿ ಐದೈದು ಇದ್ದದ್ದು ನಿಜ. ನಾಲ್ಕು ಸಲಾನೂ ನಾನೇ ಎಣಿಸಿದ್ದೀನಿ."

ಕೋಳಿಯಮ್ಮ ಅವಳನ್ನೇ ನೋಡಿದಳು. ಆಮೇಲೆ ಕೈ ಬಾಯಿಯ ಮೇಲೆ ಹೋಯಿತು. "ಅಯ್ಯೋ ನನ್ನಮ್ಮಾ," ಅಂದಳು. "ನಿಮಗೆ ನಿಜವಾಗ್ಲೂ ಗೊತ್ತೇ ಇರ್ಲಿಲ್ವಾ?"

ಬೆಳಗಿನಿಂದ ಯಾರಾದರೂ ನಂಬಲಿ ಎಂದು ಬಯಸಿದ್ದವಳಿಗೆ, ನಂಬಿದವಳ ಮುಖದಲ್ಲಿ ತುಂಬಿದ ಕನಿಕರವನ್ನು ನೋಡಲಾಗಲಿಲ್ಲ. ಕಳ್ಳಿ ಎಂದುಕೊಂಡಿದ್ದಾಗ ಕೋಳಿಯಮ್ಮ ಅವಳನ್ನು ಸರಿಸಮಾನಳಾಗಿ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಈಗ ಆ ಒರಟು ಕೈ ಬಂದು ಅವಳ ಮೊಣಕಾಲನ್ನು, ಕಾಯಿಲೆಯ ಜೀವವನ್ನು ಸವರುವ ಹಾಗೆ ಸವರಿತು. ಅಷ್ಟರಲ್ಲಿ ಕೈಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಗಂಡ.

"ಎತ್ತಿ," ಅಂದಳು ಕೋಳಿಯಮ್ಮ, ಎದ್ದು ದೂರ ಹೋಗುತ್ತಾ.

"ಮುಗೀತಾ?" ಅವನ ದನಿ ಹಗುರವಾಗಿತ್ತು. "ಊಟಕ್ಕೆ ಕಾಯ್ಲಾ? ನಾನೇ ಅನ್ನಕ್ಕಿಟ್ಟಿದೀನಿ."

"ಹೇಳ್ಬಿಟ್ಟೆ," ಅಂದಳು.

"ಏನು ಹೇಳ್ದೆ?"

"ಎಲ್ಲಾ. ನಿಮ್ಮ ಹೆಸರು ಕೇಳಿದ್ರು. ಹೇಳ್ದೆ. ಬರ್ಕೊಂಡ್ರು."

ಆ ಕಡೆ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುದಿತಕ್ಕೆ ಕುಣಿಯುವ ಸದ್ದು ಕೇಳಿಸಿತು. ಅವನು ಕೂಗಾಡುತ್ತಾನೆಂದು ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಅವನು ಕೂಗಾಡಲಿಲ್ಲ. ಮಾತಾಡಿದಾಗ ಅವನ ದನಿ ಒಡೆದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿರದಷ್ಟು ನಿಜವಾದ ನೋವು ಅದರಲ್ಲಿತ್ತು.

"ಹೇಳೋಕೆ ಮುಂಚೆ," ಅಂದ, "ನನಗೊಂದು ಮಾತು ತಿಳಿಸಬಾರದಿತ್ತೇನೇ?"